ದೊಡ್ಡ ಊಟದ ಮನೆಗಳಲ್ಲಿ ಅತಿಥಿಯ ಅವಸ್ಥೆ

ಅನ್ನವನ್ನು ಮಾರುವುದು ದೋಷವೆಂಬ ಭಾವನೆಯು ಈ ದೇಶದಲ್ಲಿ ಬಹುಕಾಲ ಇದ್ದಿತು. ಅದು ಈಗ ಹೋಯಿತು, ಹೋದುದೇ ಒಳ್ಳೆಯದಾಯಿತು. ಪರಸ್ಥಳಕ್ಕೆ ಹೋದವನು ಯಾರ ಮನೆಯ ಜಗುಲಿಯಲ್ಲಿಯೂ ಹಲ್ಲುಕಿರಿಯದೆ ದುಡ್ಡು ಕೊಟ್ಟು ಉಂಡು ಎದ್ದುಹೋಗುವುದರಲ್ಲಿ ಒಂದು ಮಾನವಿದೆ. ಆದರೆ ಅನ್ನವನ್ನು ಮಾರುವವನು ಅದರ ಸಂಗಡ ಅವಮಾನವನ್ನೂ ಬಡಿಸಿ, ಅದಕ್ಕೂ ಬೇರೆಯಾಗಿ ಬೆಲೆ ಕಟ್ಟಬಹುದೇ ಎಂಬುದು ಪ್ರಕೃತ ವಿಚಾರವು.

ಚಿಟಗುಪ್ಪೆಯ ಗೃಹಸ್ಥರೊಬ್ಬರು, ತೊಗರಿ ಜೋಳಗಳನ್ನು ಬೆಳೆಯುವ ಮನೆತನದವರು, 2025ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗಿದ್ದರು. ಚಿಟಗುಪ್ಪೆ ಹುಮನಾಬಾದುಗಳ ಜನರಿಗೆ ನಗರವೆಂದರೆ ಬಹುಕಾಲ ಹೈದರಾಬಾದೇ ಆಗಿದ್ದಿತು. ತಾರುಣ್ಯದಲ್ಲಿ ಅಲ್ಲಿಯ ಇರಾಣಿ ಹೋಟೆಲುಗಳಲ್ಲಿ ಹಮಾಲರ ಮಗ್ಗುಲಲ್ಲಿಯೂ ವಕೀಲರ ಮಗ್ಗುಲಲ್ಲಿಯೂ ಕುಳಿತು ಚಹಾ ಕುಡಿದವರಿಗೆ ಹೋಟೆಲೆಂಬುದು ಹೊಸ ವಸ್ತುವಲ್ಲ. ಬೆಂಗಳೂರಿನ ವಿದ್ಯಾರ್ಥಿ ಭವನ, ಮಾವಳ್ಳಿ ಟಿಫಿನ್ ರೂಮ್ಸುಗಳ ಹೆಸರನ್ನೂ ಅವರು ಕೇಳಿದ್ದರು. ಮಗನಾದರೋ ತಂದೆಗೆ ಸಾಮಾನ್ಯವಾದುದನ್ನು ತೋರಿಸಬಾರದೆಂಬ ಪ್ರೀತಿಯಿಂದ ಅವುಗಳನ್ನು ಬಿಟ್ಟು, ಹವಾನಿಯಂತ್ರಿತವಾದ ಎರಡು ದೊಡ್ಡ ಮನೆಗಳಲ್ಲಿ ಮುಂಚಿತವಾಗಿ ಸ್ಥಳವನ್ನು ಕಾಯ್ದಿರಿಸಿದನು.

ಮೊದಲನೆಯದರಲ್ಲಿ ಊಟವೇ ಆಗಲಿಲ್ಲ. ಗೃಹಸ್ಥರು ಉಟ್ಟಿದ್ದುದು ಬಿಳಿಯ ಧೋತರ, ತಲೆಗೆ ರುಮಾಲು. ಬಾಗಿಲಿನವನು ಅವರನ್ನು ಏನೂ ಕೇಳದೆ, ಮಗನನ್ನು ಬದಿಗೆ ಕರೆದು, ಇಲ್ಲಿ ಉಡುಪಿನ ನಿಯಮವುಂಟೆಂದು ಇಂಗ್ಲೀಷಿನಲ್ಲಿ ತಿಳಿಸಿದನು. ಮಗನ ಮುಖವು ಕೆಂಪಾಯಿತು. ತಂದೆಯು ಮಾತ್ರ ಇದನ್ನು ಕಂಡೂ ಕಾಣದವರಂತೆ, ಹೊಟ್ಟೆಯಲ್ಲಿ ಹಸಿವಿಲ್ಲವೆಂದು ಹೇಳಿ ಹಿಂದಿರುಗಿದರು. 2024ರ ಜುಲೈ ತಿಂಗಳಲ್ಲಿ ಅದೇ ನಗರದ ಒಂದು ಮಾಲಿನಲ್ಲಿ, ಮಗನೊಡನೆ ಚಲಚ್ಚಿತ್ರ ನೋಡಲು ಬಂದ ಹಾವೇರಿಯ ಕಡೆಯ ರೈತರೊಬ್ಬರನ್ನು ಪಂಚೆಯುಟ್ಟಿದ್ದುದಕ್ಕಾಗಿ ತಡೆದುದನ್ನೂ, ಸರಕಾರವು ಆ ಮಾಲನ್ನು ಕೆಲವು ದಿನ ಮುಚ್ಚಿಸಿದುದನ್ನೂ ವಾಚಕರು ಮರೆತಿರಲಾರರು. ಮುಚ್ಚಿದುದು ಒಂದು ಬಾಗಿಲು. ಮಿಕ್ಕ ಬಾಗಿಲುಗಳು ಇದರಿಂದ ಪಾಠ ಕಲಿತಂತೆ ತೋರುವುದಿಲ್ಲ.

ಎರಡನೆಯ ಮನೆಯಲ್ಲಿ ಪ್ರವೇಶವು ದೊರೆಯಿತು. ಭಕ್ಷ್ಯಗಳ ಪಟ್ಟಿಯು ಹದಿನಾರು ಪುಟಗಳಷ್ಟಿದ್ದು, ಅದರಲ್ಲಿ ಕನ್ನಡದ ಅಕ್ಷರವೊಂದಾದರೂ ಇರಲಿಲ್ಲ. ನೀರು ಯಾವುದು ಬೇಕೆಂದು ಮೊದಲು ಪ್ರಶ್ನೆಯಾಯಿತು. ನೀರಿನಲ್ಲಿ ಯಾವುದೇನು, ಕುಡಿಯುವ ನೀರು ಎಂದರು ಗೃಹಸ್ಥರು. ಅನಂತರ ಮಗನು ತಂದೆಗೆ ಹಿತವಾದೀತೆಂದು ಪಟ್ಟಿಯಿಂದ ಆರಿಸಿದ ಒಂದು ಪದಾರ್ಥವು ಬಂದಿತು. ಕರಿಯ ಕಲ್ಲಿನ ಹಲಗೆಯ ಮೇಲೆ ಅಂಗೈಯ ನಡುಗುಳಿಯಷ್ಟಗಲದ ಮೂರು ಬಿಲ್ಲೆಗಳು, ಮಗ್ಗುಲಲ್ಲಿ ಚಿಟಿಕೆ ಪುಡಿ. ಪಟ್ಟಿಯಲ್ಲಿ ಅದರ ಹೆಸರು ‘ಸೋರ್ಗಮ್ ಕ್ರಿಸ್ಪ್ ವಿತ್ ಪೀನಟ್ ಡಸ್ಟ್’ ಎಂದಿದ್ದಿತು. ಗೃಹಸ್ಥರು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಗಟ್ಟಿಯಾಗಿ ನಕ್ಕು, “ಏ ತಮ್ಮಾ, ಇದು ನಮ್ಮ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಅಲ್ಲೇನೋ!” ಎಂದರು. ಆಸುಪಾಸಿನ ಮೇಜಿನವರು ತಿರುಗಿ ನೋಡಿದರು. “ಅಪ್ಪಾ, ಸುಮ್ಮಕಿರ್ರಿ” ಎಂದು ಮಗನು ತಲೆ ತಗ್ಗಿಸಿದನು.

ಈ ಒಂದು ಮಾತಿಗಾಗಿಯೇ ಈ ಪ್ರಸಂಗವನ್ನು ಬರೆಯಬೇಕಾಯಿತು. ಆ ಜೋಳವನ್ನು ಬಿತ್ತಿ, ಹಕ್ಕಿ ಕಾಯ್ದು, ಕೊಯ್ದು, ಅದರ ಹಣದಿಂದ ಮಗನನ್ನು ಓದಿಸಿದ ಮನುಷ್ಯನು ತನ್ನ ಬೆಳೆಯ ಹೆಸರನ್ನು ಹೇಳಿದುದಕ್ಕೆ ಮಗನು ನಾಚಬೇಕಾಯಿತು. ಮಗನು ದುಷ್ಟನಲ್ಲ. ಆ ಕೋಣೆಯ ದೀಪ, ಆ ಪಿಸುಮಾತು, ಆ ಪರಭಾಷೆಯ ಪಟ್ಟಿ ಇವೆಲ್ಲವೂ ಸೇರಿ ಅವನನ್ನು ಹಾಗೆ ಮಾಡಿದವು. ಸಂಯುಕ್ತ ರಾಷ್ಟ್ರಸಂಘವು ಭಾರತದ ಸೂಚನೆಯ ಮೇರೆಗೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಜೋಳವು ಶ್ರೀಮಂತರ ಮೇಜಿಗೆ ಏರಿತು. ಜೋಳದ ಹೆಸರು ಮಾತ್ರ ಮೇಜಿನ ಕೆಳಗೇ ಉಳಿಯಿತು.

ರಸಿಕತೆಯನ್ನು ಹಳ್ಳಿಯವರೇನು ಬಲ್ಲರು ಎಂದು ನಗುವವರಿಗೆ ಚಿಟಗುಪ್ಪೆಯ ಜಿಲ್ಲೆಯಿಂದಲೇ ಉತ್ತರವುಂಟು. ಬಸವಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬುದೇ ಒಂದು ಪ್ರಕರಣವು. ಉದ್ದಿನ ಹಿಟ್ಟಿನ ಇಡ್ಡರಿಕೆ, ದೋಸಕ, ಪೂರಿಕೆಗಳು ಅಲ್ಲಿವೆ. ಸುಟ್ಟ ಇಲಿಯ ಪಾಕವೂ ಅಲ್ಲಿದೆ, ಮೂಗು ಮುರಿಯುವವರು ಮುರಿಯಲಿ. ಪಾನೀಯಭೋಗದಲ್ಲಿ ಯಾವ ಋತುವಿಗೆ ಯಾವ ನೀರು ಹಿತವೆಂದು ವಿವರಿಸಿದ್ದಾನೆ. ಆದುದರಿಂದ ನೀರು ಯಾವುದೆಂದು ಕೇಳಿದುದು ತಪ್ಪಲ್ಲ, ಚಕ್ರವರ್ತಿಯಾದರೂ ಕೇಳುತ್ತಿದ್ದನು. ಆದರೆ ಅದೇ ಕಲ್ಯಾಣದಲ್ಲಿ ಆ ಶತಮಾನವು ಮುಗಿಯುವ ಮೊದಲೇ ಬಸವಣ್ಣನವರ ಮಹಾಮನೆಯ ದಾಸೋಹವೂ ನಡೆಯಿತು. ಬಂದವನು ಯಾರೆಂದು ಕೇಳದೆ ಬಡಿಸಿದ ಪಂಕ್ತಿ ಅದು. ತೈತ್ತಿರೀಯದ ಭೃಗುವಲ್ಲಿಯೂ ಮನೆಗೆ ಬಂದವರನ್ನು ಯಾರನ್ನೂ ತಿರಸ್ಕರಿಸಬಾರದೆಂದು ವ್ರತವಾಗಿಯೇ ವಿಧಿಸಿದೆ. ಅರಸನ ನಾಲಗೆಯೂ ಶರಣರ ಪಂಕ್ತಿಯೂ ಎರಡೂ ಇದ್ದ ನಾಡಿನವರಿಗೆ ಕರಿಯ ಕಲ್ಲಿನ ಹಲಗೆಯನ್ನು ತೋರಿಸಿ ಬೆದರಿಸುವುದು ವ್ಯರ್ಥವು.

ಇನ್ನು ಲೆಕ್ಕದ ಚೀಟಿ. ಊಟದ ಬೆಲೆ 4,800 ರೂಪಾಯಿ, ಅದರ ಮೇಲೆ ಶೇಕಡಾ 10ರಂತೆ ಸೇವಾಶುಲ್ಕ 480, ಇವೆರಡರ ಮೊತ್ತದ ಮೇಲೆ ಶೇಕಡಾ 5ರ ತೆರಿಗೆ 264, ಒಟ್ಟು 5,544. ತೆರಿಗೆಯು ಸರಕಾರದ್ದು, ಅದಕ್ಕೆ ಮಾತಿಲ್ಲ. ನಡುವಿನ 480 ಯಾರದು? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದೇ, ಯಾವ ಹೋಟೆಲೂ ಸೇವಾಶುಲ್ಕವನ್ನು ತಾನಾಗಿ ಚೀಟಿಗೆ ಸೇರಿಸಕೂಡದು, ಬೇರೊಂದು ಹೆಸರಿನಿಂದಲೂ ವಸೂಲು ಮಾಡಕೂಡದು, ಅದನ್ನು ಊಟದ ಬೆಲೆಗೆ ಕೂಡಿಸಿ ಅದರ ಮೇಲೆ ತೆರಿಗೆ ಹಾಕಕೂಡದು ಎಂದು ಸೂಚಿಸಿದ್ದಿತು. ಹೋಟೆಲಿನವರ ಸಂಘಗಳು ನ್ಯಾಯಾಲಯಕ್ಕೆ ಹೋದವು. ಅದೇ ತಿಂಗಳಲ್ಲಿ ತಡೆಯಾಜ್ಞೆಯೂ ದೊರೆಯಿತು. 2025ರ ಮಾರ್ಚ್ 28ರಂದು ದಿಲ್ಲಿಯ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಅವರ ಅರ್ಜಿಗಳನ್ನು ತಳ್ಳಿಹಾಕಿ ಆ ಸೂಚನೆಗಳನ್ನು ಎತ್ತಿಹಿಡಿಯಿತು. ಗೃಹಸ್ಥರು ಉಂಡುದು ಆ ತೀರ್ಪಿನ ತರುವಾಯವೇ.

ಸೇವೆ ಮಾಡಿದ ಹುಡುಗನು ಒಡಿಶಾದವನು; ಕನ್ನಡವನ್ನರಿಯನು. ಬೀದರಿನ ಕಡೆಯವರಿಗೆ ದಖ್ಖನಿಯು ಮನೆಯ ಮಾತಿನಷ್ಟೇ ಬಳಕೆಯಾದುದರಿಂದ ಗೃಹಸ್ಥರು ಅವನೊಡನೆ ಅದರಲ್ಲಿಯೇ ಮಾತನಾಡಿ, ಊರು, ತಾಯಿತಂದೆ, ಸಂಬಳ ಎಲ್ಲವನ್ನೂ ವಿಚಾರಿಸಿದರು. ಆ ಸಂಜೆಯಲ್ಲಿ ಮನುಷ್ಯರು ಮನುಷ್ಯರೊಡನೆ ಆಡಿದ ಮಾತು ಅದೊಂದೇ. ಸೇವಾಶುಲ್ಕವು ತನ್ನ ಕೈಗೆ ಬರುವುದೋ ಇಲ್ಲವೋ ತನಗೆ ತಿಳಿಯದೆಂದು ಅವನು ಹೇಳಿದನು. ಗೃಹಸ್ಥರು ನೂರು ರೂಪಾಯಿಗಳನ್ನು ಅವನ ಕೈಯಲ್ಲಿಟ್ಟರು. ಕನ್ನಡವಿಲ್ಲದುದಕ್ಕೆ ಆ ಹುಡುಗನನ್ನು ಗದರಿಸುವ ಶೂರರು ಇದನ್ನು ಗಮನಿಸಬೇಕು. ಪಟ್ಟಿಯನ್ನು ಅಚ್ಚು ಹಾಕಿಸಿದವನು ಅವನಲ್ಲ.

ಇಷ್ಟವಿಲ್ಲದವರು ಹೋಗಬೇಡಿರಿ, ಯಾರು ಕರೆದರು ಎಂದು ಒಂದು ಸಮಾಧಾನವುಂಟು. ಈ ಸಮಾಧಾನವು ಹಳೆಯದು. ಸ್ವಾತಂತ್ರ್ಯಕ್ಕೆ ಮುಂಚೆ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿದ್ದಾಗ, ಹೊರಗೆ ನಿಂತವರಿಗೆ ಇದೇ ಮಾತನ್ನು ಹೇಳುತ್ತಿದ್ದರು. ಪಾಠಶಾಲೆಯ ಪಂಡಿತರು ಒಳಗೆ ಕುಳಿತು ಉಣ್ಣುತ್ತಿದ್ದರು, ಮಾತಾಡಲಿಲ್ಲ. 1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣದಿಂದ ಸಾರ್ವಜನಿಕ ಭೋಜನಗೃಹಗಳಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿದ ಮೇಲೆ ಆ ಕೋಣೆಗಳು ಹೋದವು. ಉಡುಪೆಂಬ ಶಬ್ದವು ಆ ಅನುಚ್ಛೇದದಲ್ಲಿಲ್ಲ. ಆ ಸಂದಿಯಲ್ಲಿ ಹಳೆಯ ಕೋಣೆಯು ಹೊಸ ದೀಪ ಹಚ್ಚಿಕೊಂಡು ಕುಳಿತಿದೆ.

ನಗರದಲ್ಲಿ ಬಾಡಿಗೆ ಹೆಚ್ಚು, ಸಂಬಳ ಹೆಚ್ಚು ಎಂಬುದು ಇನ್ನೊಂದು ಮಾತು. ಒಪ್ಪಬೇಕಾದುದೇ. ಹಾಗಾದರೆ ಬೆಲೆಯನ್ನೇ ಹೆಚ್ಚಿಸಿ ಎಲ್ಲರೂ ಓದುವಂತೆ ಬರೆಯಲಿ. 1924ರಲ್ಲಿ ಉಡುಪಿಯ ಕಡೆಯ ಮಯ್ಯ ಸಹೋದರರು ಕಟ್ಟಿದ ಮಾವಳ್ಳಿ ಟಿಫಿನ್ ರೂಮ್ಸು, ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ತಿಂಡಿಯ ಬೆಲೆಯನ್ನು ಇಳಿಸಿದಾಗ, ದಿನದಿನದ ನಷ್ಟವನ್ನು ಬಾಗಿಲಲ್ಲಿ ಫಲಕದ ಮೇಲೆ ಬರೆದು ತೋರಿಸಿತು. ಗಿರಾಕಿಗಳು ಅಡಿಗೆಮನೆಯನ್ನು ಹಾದುಹೋಗುವುದು ಅಲ್ಲಿಯ ವಾಡಿಕೆಯಾಗಿದ್ದಿತು. ಲೆಕ್ಕವನ್ನೂ ಒಲೆಯನ್ನೂ ಬಚ್ಚಿಡದವರ ಹೋಟೆಲಿಗೆ ಜನರು ಇಂದಿಗೂ ಸಾಲಾಗಿ ನಿಲ್ಲುತ್ತಾರೆ.

2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು ವಿಧಿಸುತ್ತದೆ. ಹೊರಗಿನ ಹಲಗೆಗೆ ಇರುವ ಈ ವಿಧಿಯನ್ನು ಒಳಗಿನ ಪಟ್ಟಿಗೂ ಲೆಕ್ಕದ ಚೀಟಿಗೂ ವಿಸ್ತರಿಸಬೇಕು. ಧೋತರ ಸೀರೆಗಳನ್ನುಟ್ಟವರನ್ನು ತಡೆಯಕೂಡದೆಂಬ ಷರತ್ತನ್ನು ಪರವಾನಗಿಯಲ್ಲಿಯೇ ಸೇರಿಸಬೇಕು. ಜಿಲ್ಲೆಯ ಸಾಹಿತ್ಯ ಸಂಘಗಳು ಕವಿಗೋಷ್ಠಿಗಳ ನಡುವೆ ಬಿಡುವು ಮಾಡಿಕೊಂಡು ಇಂಥ ಮನವಿಯೊಂದನ್ನು ಸರಕಾರಕ್ಕೆ ಕಳುಹಿಸುವುದು ಅಸಾಧ್ಯವೇನೂ ಅಲ್ಲ.

ಗೃಹಸ್ಥರು ಆ ಚೀಟಿಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರಿಗೆ ತಂದರು. ಒಂದು ತಿಂಗಳ ತರುವಾಯ ಮಗನೇ ದೂರವಾಣಿಯಲ್ಲಿ ಅದರ ಪಟವನ್ನು ಕೇಳಿ ತರಿಸಿಕೊಂಡು, ಗ್ರಾಹಕ ಸಹಾಯವಾಣಿಯಾದ 1915ಕ್ಕೆ ಕರೆ ಮಾಡಿ, 480 ರೂಪಾಯಿಗಳ ವಿಷಯವಾಗಿ ದೂರು ಬರೆಯಿಸಿದನಂತೆ. ಉತ್ತರವು ಇನ್ನೂ ಬಂದಿಲ್ಲ.