ಮಾವುತನ ಮಗನೂ ಕ್ಯಾಮರಾವೂ

ಬಂಡೀಪುರದ ಕಾಡಿಗೆ ಹೊಂದಿಕೊಂಡ ಕಬಿನಿ ಸೀಮೆಯಲ್ಲಿ ಕಾರಾಪುರವೆಂಬ ಊರುಂಟು. ಅಲ್ಲಿನ ಮಾವುತನೊಬ್ಬನ ಮಗನಾದ ಸಾಬು ಎಂಬ ಬಾಲಕನನ್ನು ನಾಯಕನನ್ನಾಗಿ ಮಾಡಿಕೊಂಡು ಅಮೆರಿಕದ ರಾಬರ್ಟ್ ಫ್ಲಾಹರ್ಟಿಯವರು ಮೈಸೂರು ಸಂಸ್ಥಾನದ ಕಾಡುಗಳಲ್ಲಿ ಚಿತ್ರಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂದಿತು. ಇದಕ್ಕಾಗಿ ಬಳಸಿದ ಫಿಲ್ಮು ಸುಮಾರು 3 ಲಕ್ಷ ಅಡಿ. ಒಂದು ನಿಮಿಷದ ಚಿತ್ರಕ್ಕೆ 90 ಅಡಿ ಫಿಲ್ಮು ಬೇಕು. ಅಷ್ಟನ್ನೂ ಕೊಳ್ಳಬೇಕು, ರಸಾಯನದಲ್ಲಿ ತೊಳೆಯಬೇಕು, ಪ್ರತಿ ತೆಗೆಯಬೇಕು. ಆನೆ ಪೊದೆಯಿಂದ ಹೊರಬೀಳುವ ತನಕ ಕ್ಯಾಮರಾ ತಿರುಗುತ್ತಿದ್ದರೆ ಧಣಿಯ ಥೈಲಿಯೂ ಕರಗುತ್ತಿದ್ದಿತು. ಲಂಡನ್ನಿನ ಅಲೆಕ್ಸಾಂಡರ್ ಕೊರ್ಡಾರಂತಹ ನಿರ್ಮಾಪಕರ ಬೆಂಬಲವಿಲ್ಲದೆ ಇಂತಹ ಸಾಹಸ ನಡೆಯುವಂತಿರಲಿಲ್ಲ. ಕ್ಯಾಮರಾದ ಹಿಂದೆ ನಿಲ್ಲುವವರಾರು, ಮುಂದೆ ನಿಲ್ಲುವವರಾರು ಎಂಬುದನ್ನು ಹಣವೇ ಗೊತ್ತುಮಾಡುತ್ತಿದ್ದಿತು.

ಡಿಜಿಟಲ್ ಕ್ಯಾಮರಾ ಈ ಕಟ್ಟನ್ನು ಸಡಿಲಿಸಿತು. 2013ರಲ್ಲಿ ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯು ಅಂಗೈ ಗಾತ್ರದ ಸಿನಿಮಾ ಕ್ಯಾಮರಾವನ್ನು 995 ಡಾಲರಿಗೆ ಮಾರಾಟಕ್ಕಿಟ್ಟಿತು. ಮಸೂರಗಳ ಬೆಲೆ ಬೇರೆ. ಆದರೂ ಹಿಂದಿನ ಯಂತ್ರಗಳೊಡನೆ ಹೋಲಿಸಿದರೆ ಇದು ಅತ್ಯಲ್ಪ. ಅದಕ್ಕಿಂತಲೂ ಮುಖ್ಯವಾದುದು, ಚಿತ್ರವನ್ನು ಹಿಡಿದಿಡುವ ಕಾರ್ಡನ್ನು ಬರಿದುಮಾಡಿ ಮತ್ತೆ ಮತ್ತೆ ಬಳಸಬಹುದಾಗಿದೆ.

ಇದರಿಂದಾದ ಲಾಭವೇನು? ಅಮೋಘವರ್ಷ ಮತ್ತು ಕಲ್ಯಾಣ್ ವರ್ಮರು ನಮ್ಮ ನಾಡಿನ ವನ್ಯಜೀವಿಗಳನ್ನು ಕುರಿತು ತೆಗೆದ ‘ವೈಲ್ಡ್ ಕರ್ನಾಟಕ’ (2019) ಚಿತ್ರಕ್ಕಾಗಿ ನಾಲ್ಕು ವರ್ಷಗಳಲ್ಲಿ ಸುಮಾರು 400 ಗಂಟೆಗಳ ದೃಶ್ಯಗಳನ್ನು ಸಂಗ್ರಹಿಸಲಾಯಿತು. ಫಿಲ್ಮಿನ ಲೆಕ್ಕದಲ್ಲಿ ಇದು 21 ಲಕ್ಷ ಅಡಿಗೂ ಮಿಗಿಲು, ಫ್ಲಾಹರ್ಟಿಯವರು ಬಳಸಿದುದರ ಏಳರಷ್ಟು! ಅಲ್ಲಿಯ ಸಲಕರಣೆಗಳೆಲ್ಲ ಅಗ್ಗದವೆಂದಲ್ಲ. ಕಾಯುವ ಪ್ರತಿ ನಿಮಿಷಕ್ಕೂ ಫಿಲ್ಮಿನ ಬೆಲೆ ತೆರುವುದು ತಪ್ಪಿತೆಂಬುದೇ ವಿಶೇಷ.

ಯಂತ್ರ ಅಗ್ಗವಾದ ಮಾತ್ರಕ್ಕೆ ಚಿತ್ರವೂ ಅಗ್ಗವಾಯಿತೆಂದು ವಾಚಕರು ತಿಳಿಯಬಾರದು. ಪವನ್ ಕುಮಾರರು ‘ಲೂಸಿಯಾ’ (2013) ಚಿತ್ರಕ್ಕೆ ಜನರಿಂದಲೇ ಸುಮಾರು 50 ಲಕ್ಷ ರೂಪಾಯಿಗಳನ್ನು ಕೂಡಿಸಬೇಕಾಯಿತು. ಕೆಲಸಗಾರರ ಅನ್ನ, ಕೂಲಿ, ಶಬ್ದಗ್ರಹಣ, ಸಂಕಲನ, ಕಡೆಗೆ ಚಿತ್ರಮಂದಿರದ ಬಾಗಿಲು, ಇವಾವುವೂ ಅಂಗೈಯಲ್ಲಿ ಅಡಗುವಂಥವಲ್ಲ. ಕಾಡಿನೊಳಗೆ ಚಿತ್ರಿಸುವುದಕ್ಕಂತೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಆದಾಗ್ಯೂ ಆಗಿರುವ ಬದಲಾವಣೆ ಸಾಮಾನ್ಯವಾದುದಲ್ಲ. ಸಾಬು ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಗಿ, ಪ್ರಖ್ಯಾತ ನಟನಾಗಿ, 1963ರಲ್ಲಿ ತೀರಿಕೊಂಡನು. ಲೋಕವು ಅವನ ಮುಖವನ್ನು ಕಂಡಿತು. ಅವನು ಕಂಡ ಕಾಡನ್ನು ಅವನ ಕಣ್ಣಿನಿಂದ ಕಾಣಲಿಲ್ಲ. ಇಂದು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ ಆನೆ ತುಳಿದ ಹೊಲದ ಕಥೆಯನ್ನು ಆ ಹೊಲದವರ ಮಗಳೇ ಚಿತ್ರಿಸಿ ಹೇಳಬಹುದು. ಗೃಹಸ್ಥರ ಮನೆಯಲ್ಲಿ ಇಂತಹ ಹಂಬಲವುಳ್ಳ ಮಕ್ಕಳಿದ್ದರೆ, ಅತ್ಯಂತ ಬೆಲೆಯ ಕ್ಯಾಮರಾವನ್ನು ತಂದುಕೊಡುವುದಕ್ಕಾಗಿ ಸಾಲ ಮಾಡಬೇಕಾಗಿಲ್ಲ. ಕೈಗೆಟುಕುವ ಒಂದು ಕ್ಯಾಮರಾ, ಒಳ್ಳೆಯದೊಂದು ಮೈಕು, ಗದರಿಕೆಯಿಲ್ಲದ ಒಂದೆರಡು ವರ್ಷಗಳ ಬಿಡುವು, ಇಷ್ಟನ್ನು ಒದಗಿಸಿದರೆ ಸಾಕು. ಇವುಗಳಲ್ಲಿ ಕಡೆಯದೇ ದುರ್ಲಭವಾದುದು. ಅದು ಅಂಗಡಿಯಲ್ಲಿ ದೊರೆಯುವುದಿಲ್ಲ.