ಹಳದಿ ಹೆಸರಿಗೆ ಬಾಟ್ಲಿ ಮದ್ದೇಕೆ?

ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿಗೆ ಬಸ್ಸಿನಲ್ಲಿ ಹೋಗುವವರು ತೆಂಗಿನ ತೋಟ ದಾಟಿದೊಡನೆ ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಪೂರ್ವ ಮುಂಗಾರಿನ ಹೆಸರು ಹೊಲ ಹಸಿರಾಗಿದ್ದರೆ ಪೇಟೆಗೂ ಸುಗ್ಗಿ. ನಡುನಡುವೆ ಅರಿಸಿನ ಎರಚಿದ ಹಾಗಿದ್ದರೆ ಅಂಗಡಿಯ ಸಾಲದ ಪುಸ್ತಕ ಇನ್ನಷ್ಟು ದಪ್ಪವಾಯಿತೆಂದೇ ಲೆಕ್ಕ.

ಏಪ್ರಿಲ್-ಮೇ ಮಳೆಗೆ ಬಿತ್ತಿ, 65-70 ದಿನಕ್ಕೆ ಕಾಯಿ ಬಿಡಿಸುವ ಬೆಳೆ ಇದು. ಬೇಸಿಗೆ ಕಳೆದ ಮೇಲೆ ಬೆದ್ದಲು ರೈತನ ಕೈಗೆ ಮೊದಲು ಬರುವ ಕಾಸು ಹೆಸರಿನದೇ. ಮಕ್ಕಳ ಪುಸ್ತಕ, ರಾಗಿಗೆ ಗೊಬ್ಬರ, ಕಿರಾಣಿ ಬಾಕಿ ಎಲ್ಲ ಇದರಲ್ಲೇ ತೀರಬೇಕು. ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಟ್ಟು, ಹಿಂದೆ ಬರುವ ರಾಗಿಗೂ ಹೊಲ ಹದ ಮಾಡಿಕೊಡುತ್ತದೆ.

ಇಂಥ ಬೆಳೆಗೆ ಅಂಟಿದ ಶನಿ ಹಳದಿ ನಂಜು ರೋಗ. ಎಲೆ ಹಳದಿಯಾದ ಕೂಡಲೇ ರೈತ ಗಿಡ ಕಿತ್ತು ತಂದು ಔಷಧಿ ಅಂಗಡಿಯ ಗಲ್ಲಾ ಮುಂದೆ ಇಡುತ್ತಾನೆ. 'ಏನಾದ್ರೂ ಕೊಡಿ ಸ್ವಾಮಿ, ಹಸಿರಾದ್ರೆ ಸಾಕು' ಅಂತಾನೆ. ಒಂದು ಬಾಟ್ಲಿ, ಜೊತೆಗೊಂದು ಟಾನಿಕ್ಕು ಕೈಗೆ ಬರುತ್ತೆ. ಹೊಡೆದದ್ದೂ ಆಯಿತು. ಗಿಡ ಹಸಿರಾಯಿತೆ? ಇಲ್ಲ. ಆಗುವುದೂ ಇಲ್ಲ.

ಏಕೆಂದರೆ ಇದು ವೈರಸ್ ರೋಗ. ಒಮ್ಮೆ ಗಿಡದೊಳಗೆ ಹೊಕ್ಕರೆ ತೆಗೆಯುವ ಮದ್ದು ಯಾವ ಅಂಗಡಿಯಲ್ಲೂ ಇಲ್ಲ. ಹರಡುವುದು ಬಿಳಿನೊಣ. ರೋಗದ ಗಿಡದ ರಸ ಹೀರಿ ಒಳ್ಳೆ ಗಿಡಕ್ಕೆ ಅಂಟಿಸುತ್ತದೆ. ಮಳೆ ಕೈಕೊಟ್ಟು ಒಣಹವೆ ಬಿದ್ದರೆ ಅದರ ಕಾಟ ಹೆಚ್ಚು. ಆದ್ದರಿಂದ ಕೆಲಸವೆಲ್ಲ ಮೊದಲೇ ಆಗಬೇಕು. ರೋಗ ತಡೆಯುವ ತಳಿಯ ಬೀಜ, ಬೀಜೋಪಚಾರ, ಬದುವಿನ ಕಳೆ ತೆಗೆಯುವುದು, ಹೊಲದ ಸುತ್ತ 2-3 ಸಾಲು ಜೋಳ. ಮೊದಲ ಹಳದಿ ಗಿಡ ಕಂಡ ದಿನವೇ ಕಿತ್ತು ಹೂಳಬೇಕು. ನೊಣ ಕಂಡರೆ 100 ಲೀಟರ್ ನೀರಿಗೆ 5 ಕೆ.ಜಿ. ಬೇವಿನ ಬೀಜದ ಕಷಾಯ ಹೊಡೆಯಬೇಕು. ಒಬ್ಬ ಕಿತ್ತು ಪಕ್ಕದವ ಬಿಟ್ಟರೂ ಫಲವಿಲ್ಲ. ನೊಣಕ್ಕೆ ಪಹಣಿ ಲೆಕ್ಕ ಗೊತ್ತಿಲ್ಲ.

ಅಂಗಡಿಯವರನ್ನೇ ಬೈದು ಉಪಯೋಗವಿಲ್ಲ. ಕೇಳಿದ್ದು ಕೊಡದಿದ್ದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ ಎಂಬುದೂ ಸುಳ್ಳಲ್ಲ. ಆದರೆ ಬಾಟ್ಲಿ ಸಾಲ ಹೊತ್ತು, ಬೆಳೆಯನ್ನೂ ಕಳಕೊಂಡ ರೈತ ಬರುವ ವರ್ಷ ಯಾರ ಗಿರಾಕಿ? 'ಇದಕ್ಕೆ ಮದ್ದಿಲ್ಲ, ಕಿತ್ತು ಹಾಕಪ್ಪ' ಎನ್ನುವ ಅಂಗಡಿಗೆ ಇವತ್ತು ನಾಲ್ಕು ಕಾಸು ಕಮ್ಮಿಯಾದೀತು, ನಂಬಿಕೆ ಉಳಿದೀತು.

2025-26ನೇ ಸಾಲಿಗೆ ಹೆಸರಿಗೆ ನಿಗದಿಯಾದ ಬೆಂಬಲ ಬೆಲೆ ಕ್ವಿಂಟಾಲಿಗೆ 8,768 ರೂಪಾಯಿ. ಕಾಳೇ ಇಲ್ಲದವನಿಗೆ ಯಾವ ಬೆಲೆ ಇದ್ದೇನು?

ತಿಪಟೂರು ತಾಲ್ಲೂಕು ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೋಬಳಿಗೆ ರೈತ ಸಂಪರ್ಕ ಕೇಂದ್ರವಿದೆ. ಹೊಲ ಹಳದಿಯಾದ ಮೇಲೆ ಜೀಪಿನಲ್ಲಿ ಬಂದು ನಷ್ಟ ಬರೆದುಕೊಂಡರೆ ಏನು ಬಂತು? ಬಿತ್ತನೆಗೆ ಮುಂಚೆ, ಮಾರ್ಚಿಯಲ್ಲೇ, ಸಂತೆ ದಿನ ಬಸ್ ನಿಲ್ದಾಣದ ಬಳಿ ಮೈಕು ಹಿಡಿದು ಈ ನಾಲ್ಕು ಮಾತು ಹೇಳಲಿ. ಔಷಧಿ ಅಂಗಡಿಯವರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಳ್ಳಲಿ. ಅಧಿಕಾರಿಗಳು ಇತ್ತ ಗಮನ ಹರಿಸುವರೆ?