ಬೆರಳೊತ್ತಿನ ಔಷಧಿಯೂ, ಮೂರು ಚೆಂಡಿನ ಡಬ್ಬಿಯೂ

ಆಕ್ಯುಪ್ರೆಶರ್ ಅಂದ ಕೂಡಲೇ ನಮ್ಮಲ್ಲಿ ಎರಡು ಪಂಗಡ. ಮುಳ್ಳುಮುಳ್ಳಿನ ಚಪ್ಪಲಿ ಮೆಟ್ಟಿಕೊಂಡು ಮನೆಯೆಲ್ಲಾ ಓಡಾಡಿ "ಶುಗರ್ ಇಳೀತು" ಅನ್ನುವವರದ್ದು ಒಂದು. ಇದೆಲ್ಲಾ ಬರೀ ಬೊಗಳೆ ಅಂತ ಕೈ ಕೊಡವುವವರದ್ದು ಇನ್ನೊಂದು. ಇಂಜಿನಿಯರಿಂಗ್ ಓದಿದವನಾದ್ದರಿಂದ ನಾನು ಎರಡನೇ ಪಂಗಡಕ್ಕೆ ಸೇರಬೇಕು ಅಂತ ನಮ್ಮ ಆಫೀಸಿನವರ ಲೆಕ್ಕ :-) ಆದರೆ ಶ್ವಾಸಕೋಶದ ಆಪರೇಷನ್ ಆದವರ ಆರೈಕೆ ವಿಷಯಕ್ಕೆ ಬಂದರೆ ಎರಡೂ ಪಂಗಡದವರು ಅವಸರ ಮಾಡ್ತಿದಾರೆ ಅನ್ನೋದು ನನ್ನ ಅಭಿಪ್ರಾಯ.

ಚೀನಾದ ಎಷ್ಟೋ ಆಸ್ಪತ್ರೆಗಳಲ್ಲಿ ಆಪರೇಷನ್ ಆದಮೇಲೆ ನರ್ಸ್‌ಗಳೇ ರೋಗಿಯ ಮೈಮೇಲಿನ ಕೆಲವು ಗೊತ್ತಾದ ಬಿಂದುಗಳನ್ನು ಒತ್ತುತ್ತಾರೆ. ಬೆರಳಿಂದ ಒತ್ತೋದು, ಕಿವಿಗೆ ಸಣ್ಣ ಬೀಜ ಅಂಟಿಸಿ ಒತ್ತೋದು, ಚರ್ಮಕ್ಕೆ ಪಟ್ಟಿ ಹಚ್ಚಿ ಸಣ್ಣಗೆ ಕರೆಂಟ್ ಹರಿಸೋದು... ಸೂಜಿ ಚುಚ್ಚಲೇಬೇಕು ಅಂತೇನಿಲ್ಲ. ವಾಂತಿ, ನೋವು, ಹೊಟ್ಟೆಯುಬ್ಬರ, ನಿದ್ದೆಗೇಡು ಕಮ್ಮಿ ಆಗಲಿ ಅಂತ.

ಹೊರಗಿನವರಿಗೆ ಇದರ ಸುದ್ದಿ ಮುಟ್ಟಿದ್ದೂ ಆಪರೇಷನ್ ನಂತರದ ಕಥೆಯಿಂದಲೇ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗಿಗೆ ಹೋದಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಪರೇಷನ್ನಿಗೆ ಕೊಟ್ಟದ್ದು ಮಾಮೂಲಿ ಅರಿವಳಿಕೆಯೇ. ಮಾರನೇ ರಾತ್ರಿ ಹೊಟ್ಟೆ ಬಿಗಿದುಕೊಂಡಾಗ ಮೊಣಕೈಗೆ, ಮೊಣಕಾಲ ಕೆಳಗೆ ಸೂಜಿ ಹಾಕಿದರು, ಸುಮಾರು ಒಂದು ಗಂಟೆಯಲ್ಲಿ ಹಗುರಾಯಿತು ಅಂತ ಅವರೇ ಬರೆದರು. ಅದು ಬಾಯಿಂದ ಬಾಯಿಗೆ ಹೋಗ್ತಾ "ಸೂಜಿ ಚುಚ್ಚಿಯೇ ಆಪರೇಷನ್ ಮಾಡಿದರಂತೆ" ಅಂತಾಗಿಬಿಟ್ಟಿತು!

ಸರಿ, ಒಬ್ಬರ ಅನುಭವ ಬಿಡಿ. 2015ರ ಕಾಕ್ರೇನ್ ವಿಮರ್ಶೆಯಲ್ಲಿ 59 ಪ್ರಯೋಗಗಳು, ಏಳೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವಿದೆ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಇರೋ ಬಿಂದುವನ್ನು ಪ್ರಚೋದಿಸಿದರೆ ಆಪರೇಷನ್ ನಂತರದ ವಾಂತಿ, ಹೊಟ್ಟೆ ತೊಳಸುವುದು ಕಮ್ಮಿಯಾಗುತ್ತೆ, ವಾಂತಿ ಔಷಧಿಗೆ ಹೆಚ್ಚೂಕಮ್ಮಿ ಸಮ ಅಂತ ಅದರ ತೀರ್ಮಾನ. ಆದರೆ ಇವು ಎಲ್ಲಾ ಥರದ ಆಪರೇಷನ್‌ಗಳು, ಎದೆಯದ್ದು ಮಾತ್ರವಲ್ಲ. ಸಾಕ್ಷ್ಯದಲ್ಲಿ ಎಷ್ಟೋ ಭಾಗ ದುರ್ಬಲ ಅಂತಲೂ ಅವರೇ ಹೇಳಿದಾರೆ.

ಎದೆಯ ಆಪರೇಷನ್ನಿನಲ್ಲಿ ಪುಟ್ಟ ಉಪಶಮನಕ್ಕೂ ಯಾಕೆ ಬೆಲೆ ಅಂದರೆ, ಅಲ್ಲಿ ನೋವು ಬರೀ ನೋವಾಗಿ ಉಳಿಯಲ್ಲ. ನೋವಿದ್ರೆ ಉಸಿರು ಮೇಲೆಮೇಲೆ ಆಡುತ್ತೆ. ಕೆಮ್ಮಲ್ಲ. ಕಫ ಅಲ್ಲೇ ನಿಲ್ಲುತ್ತೆ. ಶ್ವಾಸಕೋಶದ ಕೆಳಭಾಗ ಮುದುಡಿ ನ್ಯುಮೋನಿಯಾಗೆ ದಾರಿಯಾಗುತ್ತೆ. ಅದಕ್ಕೇ ಆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರೆಳೀರಿ ಅನ್ನೋದು. ಜಗಳೂರಿನ ನಮ್ಮ ಸೋದರಮಾವನಿಗೆ ಶ್ವಾಸಕೋಶದ ಸುತ್ತ ಕಟ್ಟಿದ್ದ ಕೀವಿನ ಪೊರೆ ತೆಗೆದಾಗ ನೋಡಿದೀನಿ. "ಉಸುರು ಎಳದ್ರೆ ಬರೆ ಎಳದಂಗಾಗ್ತತಿ ಕಣಪ್ಪ" ಅಂತ ಡಬ್ಬಿ ಅತ್ಲಾಗಿಟ್ಟು ಮಲಗಿಬಿಡೋರು. ರಾತ್ರಿ ವಾರ್ಡಿಗೆಲ್ಲಾ ಒಬ್ಬರೇ ಸಿಸ್ಟರ್. ಅಂದ್ರೆ ನಿಜವಾದ ನರ್ಸ್ ಯಾರು? ಮಂಚದ ಕೆಳಗೆ ಚಾಪೆ ಹಾಸ್ಕೊಂಡಿದ್ದ ನಮ್ಮತ್ತೆ. ಅವರು ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ಅಂಗೈ ಒತ್ತಿ ಸಮಾಧಾನ ಮಾಡಿದಮೇಲೇ ಮಾವ ಡಬ್ಬಿ ಕೈಗೆ ತಗೊಳ್ತಿದ್ದದ್ದು.

ಅತ್ತೆ ಒತ್ತಿದ್ದು ಯಾವ ಬಿಂದುವೋ ದೇವರೇ ಬಲ್ಲ! ನನ್ನ ತಕರಾರು ಇರೋದೂ ಇಲ್ಲೇ. ಕೋಡಿನಲ್ಲಿ ಐದು ಕಡೆ ಒಟ್ಟಿಗೆ ಬದಲಾಯಿಸಿದರೆ ಬಗ್ ಯಾವುದರಿಂದ ಹೋಯ್ತು ಅಂತ ಹೇಳೋಕಾಗಲ್ಲ. ನರ್ಸ್ ಪಕ್ಕದಲ್ಲಿ ಕೂತು ಹದಿನೈದು ನಿಮಿಷ ಕೈ ಒತ್ತಿ ಮಾತಾಡಿಸಿದಾಗ ಕೆಲಸ ಮಾಡಿದ್ದು ಬಿಂದುವೋ, ಒತ್ತೋ, ಆ ಹದಿನೈದು ನಿಮಿಷವೋ? ಬೇರೆ ಜಾಗ ಒತ್ತಿಸಿಕೊಂಡವರ ಜೊತೆ ಹೋಲಿಸಿದ ಹೊರತು ಗೊತ್ತಾಗಲ್ಲ. ಒತ್ತುವವರಿಗಂತೂ ತಾವು ಎಲ್ಲಿ ಒತ್ತುತ್ತಿದ್ದೀವಿ ಅನ್ನೋದನ್ನು ಮುಚ್ಚಿಡೋಕಾಗಲ್ಲ.

ಹಾಗಂತ ಬಿಸಾಕಬೇಕಿಲ್ಲ. ಕಾಸು ಖರ್ಚಿಲ್ಲ, ಅಪಾಯ ಕಮ್ಮಿ. ದಾವಣಗೆರೆಯಲ್ಲೇ ನರ್ಸಿಂಗ್ ಕಾಲೇಜುಗಳಿವೆ, ಬೆಂಗಳೂರಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಇಂಥಲ್ಲಿ ಸರಿಯಾಗಿ ಅಳೆದು ನೋಡಲಿ. ಅಲ್ಲೀತನಕ ಡಿಸ್ಚಾರ್ಜ್ ಆಗುವಾಗ ಮನೆಯವರಿಗೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ಮೊದಲು ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ. ಆಮೇಲೆ ಚೆಂಡಿನ ಡಬ್ಬಿ, ಎದೆಗೆ ದಿಂಬು ಅವಚಿ ಕೆಮ್ಮೋದು, ನಡೆಯೋದು. ಕೊನೇ ಸಾಲಲ್ಲಿ, ಹೊಟ್ಟೆ ತೊಳಸಿದರೆ ಮಣಿಕಟ್ಟು ಹೀಗೆ ಒತ್ತಿ. ಜಗಳೂರಿನ ಹಳ್ಳಿಯಿಂದ ದಾವಣಗೆರೆಗೆ ಹೋಗಿ ಬರೋದ್ರಲ್ಲೇ ಒಂದು ದಿನದ ಕೂಲಿ ಹೋಗುತ್ತೆ. ಅಂಥವರಿಗೆ ಈ ಹಾಳೆ ಸಣ್ಣ ವಿಷಯ ಅಲ್ಲ.

ಎರಡು ಎಚ್ಚರಿಕೆ ಮಾತ್ರ ಅದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿರಬೇಕು. ಕಾಲು ಊದಿ ನೋಯ್ತಿದ್ರೆ ತಿಕ್ಕಬೇಡಿ, ಒತ್ತಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರ್ ಹತ್ರ ಓಡಿ. ಎದೆಗೆ, ಬೆನ್ನಿಗೆ ಯಾರ್ಯಾರ ಕೈಲೋ ಸೂಜಿ ಹಾಕಿಸ್ಕೋಬೇಡಿ. ಅಪರೂಪಕ್ಕಾದರೂ ಸೂಜಿ ಶ್ವಾಸಕೋಶಕ್ಕೇ ತೂತು ಮಾಡಿದ ಉದಾಹರಣೆಗಳಿವೆ. 2019ರಲ್ಲಿ ಕೇಂದ್ರ ಸರ್ಕಾರ ಆಕ್ಯುಪಂಕ್ಚರನ್ನು ಪ್ರತ್ಯೇಕ ಪದ್ಧತಿ ಅಂತ ಒಪ್ಪಿಕೊಂಡಿದೆ ನಿಜ. ಅಷ್ಟಕ್ಕೇ ಬೋರ್ಡ್ ಹಾಕಿಕೊಂಡವರೆಲ್ಲಾ ಕಲಿತವರು ಅಂತ ಅರ್ಥ ಅಲ್ಲ.

ಒತ್ತೋ ಕೈಗಳಿಗೆ ನಮ್ಮಲ್ಲಿ ಬರ ಇಲ್ಲ. ಆ ಕೈಗಳಿಗೆ ಸರಿಯಾಗಿ ಹೇಳಿಕೊಡೋರಿಗೆ ಬರ. ನೀವೇನಂತೀರಿ?